ಪತ್ರಗಳಲ್ಲಿ ಬೆಳೆದ ದಾಂಪತ್ಯ



ಅಮೆರಿಕದ ಸ್ವಾತಂತ್ರ್ಯ ಸಮರವೆಂದೊಡನೆ ನಿಮಗೆ ವಾಷಿಂಗ್ಟನ್, ಜೆಫರ್ಸನ್ ಮೊದಲಾದವರ ಹೆಸರು ನೆನಪಾಗುತ್ತದೆ. ಆ ಕಾಲದ ಮನೆಯೊಳಗಿನ ಬದುಕನ್ನು ತಿಳಿಯಬೇಕಾದರೆ ಮ್ಯಾಸಚೂಸೆಟ್ಸ್‌ನ ಜಾನ್ ಆಡಮ್ಸ್ ಮತ್ತು ಅಬಿಗೇಲ್ ದಂಪತಿಗಳ ಪತ್ರಗಳನ್ನು ನೋಡಬೇಕು.

ಜಾನ್ ವಕೀಲರು, ಅಬಿಗೇಲ್ ಪಾದ್ರಿಯೊಬ್ಬರ ಮಗಳು. ಆಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿದ್ದ ಪುಸ್ತಕಗಳಿಂದಲೇ ಕಲಿತರು. 1764ರಲ್ಲಿ ಇವರ ವಿವಾಹವಾಯಿತು. 1774ರಲ್ಲಿ ಜಾನ್ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಪ್ರತಿನಿಧಿಯಾಗಿ ಫಿಲಡೆಲ್ಫಿಯಾಕ್ಕೆ ತೆರಳಿದರು. ಮುಂದೆ ರಾಜತಾಂತ್ರಿಕ ಕಾರ್ಯಕ್ಕಾಗಿ ಯೂರೋಪಿಗೆ ಹೋದರು. 1784ರಲ್ಲಿ ಅಬಿಗೇಲ್ ಕಡಲು ದಾಟಿ ಅವರನ್ನು ಸೇರುವವರೆಗೆ, ಆ ಹತ್ತು ವರ್ಷಗಳ ಬಹುಭಾಗ ಅಗಲಿಕೆಯಲ್ಲೇ ಕಳೆಯಿತು. ಇವರಿಬ್ಬರ ನಡುವಿನ 1,100ಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ.

ಊರಿನಲ್ಲಿ ಹೊಲ, ಲೆಕ್ಕಪತ್ರ, ಮಕ್ಕಳ ಪಾಲನೆ ಎಲ್ಲವೂ ಅಬಿಗೇಲರದೇ ಹೊಣೆ. 1776ರಲ್ಲಿ ಸಿಡುಬಿನ ಭೀತಿಯ ನಡುವೆ ಮಕ್ಕಳನ್ನು ಬಾಸ್ಟನ್ನಿಗೆ ಕರೆದೊಯ್ದು ಸಿಡುಬು ನಿರೋಧಕ ಚಿಕಿತ್ಸೆ ಹಾಕಿಸಿದರು. ಜಾನ್ ಭೂಮಿ ಕೊಳ್ಳಬಯಸಿದರೆ, ಆಕೆ ಸರ್ಕಾರಿ ಸಾಲಪತ್ರಗಳಲ್ಲಿ ಹಣ ತೊಡಗಿಸಿ ಲಾಭ ಗಳಿಸಿದರು.

ಅದೇ 1776ರ ಮಾರ್ಚ್ 31ರಂದು ಆಕೆ ಪತಿಗೆ ಒಂದು ಪತ್ರ ಬರೆದರು. ಹೊಸ ಕಾನೂನು ರಚಿಸುವಾಗ ಹೆಂಗಸರನ್ನು ಮರೆಯಬಾರದು, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬಾರದು ಎಂಬುದು ಆಕೆಯ ಆಗ್ರಹ. ಜಾನ್ ಇದನ್ನು ನಗೆಮಾತಾಗಿ ತೇಲಿಸಿಬಿಟ್ಟರು. ರಾಜಕೀಯದಲ್ಲಿ ಮಡದಿಯ ಸಲಹೆಯನ್ನು ಬಯಸುತ್ತಿದ್ದ ಅವರಿಗೂ ಈ ಮಾತು ಹಿಡಿಸಲಿಲ್ಲ ಎಂಬುದನ್ನು ನೀವು ಗಮನಿಸಬೇಕು.

1797ರಲ್ಲಿ ಜಾನ್ ಅಮೆರಿಕದ ಎರಡನೆಯ ಅಧ್ಯಕ್ಷರಾದರು. 1800ರಲ್ಲಿ, ಇನ್ನೂ ಪೂರ್ಣಗೊಳ್ಳದ ಶ್ವೇತಭವನದಲ್ಲಿ ವಾಸಿಸಿದ ಮೊದಲ ದಂಪತಿಗಳು ಇವರೇ. ಅಲ್ಲಿನ ದೊಡ್ಡ ಸಭಾಂಗಣದಲ್ಲಿ ಅಬಿಗೇಲ್ ಒಗೆದ ಬಟ್ಟೆ ಒಣಹಾಕಿಸುತ್ತಿದ್ದರು!

ಅಂದಿನ ಕಾನೂನಿನಲ್ಲಿ ವಿವಾಹಿತೆಯ ಹಣ, ಒಡವೆಗಳೆಲ್ಲ ಗಂಡನ ಸ್ವತ್ತು. ಆದರೂ ಅಬಿಗೇಲ್ 1816ರಲ್ಲಿ ಉಯಿಲು ಬರೆದು, ತಾವು ಕೂಡಿಟ್ಟದ್ದರಲ್ಲಿ ಹೆಚ್ಚಿನ ಭಾಗವನ್ನು ಮೊಮ್ಮಗಳಂದಿರು ಮತ್ತಿತರ ಬಂಧು ಸ್ತ್ರೀಯರಿಗೆ ಹಂಚಿದರು. 1818ರಲ್ಲಿ ಆಕೆ ತೀರಿಕೊಂಡಾಗ ಕಾನೂನಿನ ಪ್ರಕಾರ ಆ ಉಯಿಲಿಗೆ ಬೆಲೆಯಿರಲಿಲ್ಲ. ಜಾನ್ ಅದನ್ನು ತಳ್ಳಿಹಾಕಬಹುದಿತ್ತು. ಹಾಗೆ ಮಾಡದೆ ನೆರವೇರಿಸಿದರು.

1776ರಲ್ಲಿ ಕಾನೂನಿನ ಮೂಲಕ ಕೊಡಲೊಪ್ಪದ ಹಕ್ಕನ್ನು ಅವರು ಕೊನೆಗೆ ತಮ್ಮ ಮನೆಯಲ್ಲಿ ಮನ್ನಿಸಿದರು. ಆದರೆ ಒಬ್ಬ ಗಂಡನ ಒಳ್ಳೆಯತನ ಎಲ್ಲ ಹೆಂಗಸರಿಗೂ ರಕ್ಷಣೆಯಾದೀತೇ? ಅಮೆರಿಕದ ಸಂವಿಧಾನ ಮಹಿಳೆಯರ ಮತದಾನದ ಹಕ್ಕನ್ನು ಮನ್ನಿಸಿದ್ದು 1920ರಲ್ಲಿ, ಅಬಿಗೇಲರ ಪತ್ರಕ್ಕೆ 144 ವರ್ಷ ತುಂಬಿದ ಮೇಲೆ. ನೀವೇ ಯೋಚಿಸಿ ನೋಡಿ.