ಪಠ್ಯದ ನದಿ, ಜೋಗದ ನದಿ

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮಾರುವ ಅಂಗಡಿಗೆ ಹೋದರೆ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪ್ರಾಕೃತಿಕ ಭೂಗೋಳ ಎದುರಿಗೇ ಸಿಗುತ್ತದೆ. ಪಕ್ಕದಲ್ಲೇ ಗೋ ಚೆಂಗ್ ಲಿಯಾಂಗ್ ಅವರ ಪುಸ್ತಕ. ಅದೂ ಆಗ್ನೇಯ ಏಷ್ಯಾದ ಶಾಲಾ ಮಕ್ಕಳಿಗೆಂದು ಬರೆದದ್ದೇ. ಕೊಳ್ಳುವವರು ಎಂಜಿನಿಯರಿಂಗ್ ಮುಗಿಸಿದವರು, ಬಿಎಸ್ಸಿ ಕೃಷಿ ಓದಿದವರು. ಹದಿನಾರು ಹದಿನೇಳರ ಮಕ್ಕಳಿಗಾಗಿ ಬರೆದದ್ದನ್ನು ಇಪ್ಪತ್ತೈದರಲ್ಲಿ ಕೂತು ಗೆರೆ ಎಳೆದು ಓದುತ್ತಾರೆ. ಇವರಲ್ಲಿ ಬಹಳ ಮಂದಿ ಪಿಯುಸಿಯಲ್ಲಿ ಈ ವಿಷಯದ ಕಡೆ ತಲೆ ಹಾಕಿದವರಲ್ಲ. ವಿಜ್ಞಾನ ಆರಿಸಿಕೊಂಡು ಅವರು ಪಿಸಿಎಂ, ಪಿಸಿಬಿ ಎಂದು ಹೊರಟರು. ಭೂಗೋಳವು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜತೆ ಕಲಾ ವಿಭಾಗದಲ್ಲೇ ಉಳಿಯಿತು. ಬಂಡೆ, ಗಾಳಿ, ಸಾಗರ ಪ್ರವಾಹಗಳ ಪಾಠ ಕಲಾ ವಿಭಾಗಕ್ಕೆ ಬಂದು ಸೇರಿದ್ದು ಹೇಗೆ ಎಂದು ಹುಡುಕುತ್ತ ಹೋದರೆ ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

ಶುರುವಾದದ್ದು ಅಪ್ಪಟ ವಿಜ್ಞಾನವಾಗಿಯೇ. ಮೇರಿ ಸಾಮರ್‌ವಿಲ್ ಪ್ರಾಕೃತಿಕ ಭೂಗೋಳದ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದದ್ದು 1848ರಲ್ಲಿ. ಆ ವಿಷಯವನ್ನು ಶಾಲೆಗೆ ಹೊಂದುವ ಹಾಗೆ ಮಾಡಿದವರು ಡಾರ್ವಿನ್ನನ ಗೆಳೆಯ ಥಾಮಸ್ ಹೆನ್ರಿ ಹಕ್ಸ್‌ಲಿ. 1869ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳನ್ನು ತಿದ್ದಿ 1877ರಲ್ಲಿ ‘ಫಿಸಿಯೋಗ್ರಫಿ’ ಎಂಬ ಪುಸ್ತಕ ಮಾಡಿದರು. ಅದರಲ್ಲಿ ಭೂಮಿಯ ಆಕಾರ, ಅಕ್ಷಾಂಶ ರೇಖಾಂಶಗಳಿಂದ ಪಾಠ ಆರಂಭವಾಗುವುದಿಲ್ಲ. ಲಂಡನ್ ಸೇತುವೆಯ ಮೇಲೆ ನಿಂತರೆ ಕಾಣುವ ಥೇಮ್ಸ್‌ನಿಂದ ಆರಂಭ. ಈ ನೀರು ಎಲ್ಲಿಂದ ಬಂತು, ಮಳೆ ಎಲ್ಲಿಂದ ಬಂತು, ಹೊತ್ತು ತರುವ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತ ಕೇಳುತ್ತ ಸೂರ್ಯನವರೆಗೆ ಹೋಗುವುದು ಹಕ್ಸ್‌ಲಿಯ ದಾರಿ. ಕಣ್ಣಿಗೆ ಕಂಡದ್ದು ಮೊದಲು, ಹೆಸರು ಆಮೇಲೆ. ಬ್ರಿಟನ್ನಿನ ವಿಜ್ಞಾನ ಪರೀಕ್ಷೆಗಳಲ್ಲಿ ಅದೇ ಹೆಸರಿನ ವಿಷಯವೂ ಬಂತು.

ನಮ್ಮಲ್ಲಿ ಇದೇ ಕೆಲಸ ಅದಕ್ಕೂ ಸ್ವಲ್ಪ ಮೊದಲೇ ಆಗಿತ್ತು ಎನ್ನುವುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಹೆನ್ರಿ ಬ್ಲಾನ್‌ಫೋರ್ಡ್ 1855ರಲ್ಲಿ ಭೂವಿಜ್ಞಾನ ಸರ್ವೇಕ್ಷಣೆಯ ಕೆಲಸಕ್ಕೆಂದು ಭಾರತಕ್ಕೆ ಬಂದವರು, ಮುಂದೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟರಾದರು. 1864ರ ಕಲ್ಕತ್ತೆಯ ಭೀಕರ ಚಂಡಮಾರುತದ ಬಗ್ಗೆ ವರದಿ ಬರೆದ ಇಬ್ಬರಲ್ಲಿ ಅವರೊಬ್ಬರು. ಭಾರತದ ಶಾಲೆಗಳಿಗೆಂದೇ ಪ್ರಾಕೃತಿಕ ಭೂಗೋಳದ ಮೊದಲ ಪಾಠಗಳನ್ನು ಬರೆದರು. 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿದಾಗ ಅದರ ಮುಖ್ಯಸ್ಥರೂ ಅವರೇ. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆಯೇ ಎಂದು 1884ರಲ್ಲಿ ಕೇಳಿದ ಮನುಷ್ಯನೂ ಶಾಲಾ ಪುಸ್ತಕ ಬರೆದ ಮನುಷ್ಯನೂ ಒಬ್ಬನೇ. ಸಂಶೋಧನೆ ಮತ್ತು ಶಾಲೆ ಅಷ್ಟು ಹತ್ತಿರ ಇದ್ದದ್ದು ಆಮೇಲೆ ಈ ದೇಶದಲ್ಲಿ ಅಪರೂಪ.

1887ರಲ್ಲಿ ಬ್ರಿಟನ್ನಿನ ಭೂಗೋಳಜ್ಞ ಮ್ಯಾಕಿಂಡರ್ ಭೂಗೋಳವನ್ನು ಪ್ರಕೃತಿ ವಿಜ್ಞಾನ ಮತ್ತು ಮಾನವಿಕಗಳ ನಡುವಿನ ಸೇತುವೆಯೆಂದು ಪ್ರತಿಪಾದಿಸಿದರು. ಆಶಯ ದೊಡ್ಡದು. ಆದರೆ ನಡುವೆ ನಿಂತ ವಿಷಯವನ್ನು ಯಾವುದಾದರೂ ಒಂದು ಕೋಣೆಗೆ ಸೇರಿಸಲೇಬೇಕಲ್ಲ. ನಮ್ಮ ಪ್ರೌಢಶಾಲೆಗಳು ಅದನ್ನು ಸಮಾಜ ವಿಜ್ಞಾನಕ್ಕೆ ಸೇರಿಸಿದವು. ಹತ್ತನೇ ತರಗತಿಯವರೆಗೆ ಸಮಾಜದ ಮೇಷ್ಟರು ಕಲಿಸಿದ ಪಾಠ ಪಿಯುಸಿಗೆ ಬಂದ ಕೂಡಲೇ ವಿಜ್ಞಾನ ಆಗುವುದು ಹೇಗೆ?

ಈ ಹೊತ್ತಿಗೆ ಅಮೆರಿಕದಲ್ಲಿ ಹಾರ್ವರ್ಡ್‌ನ ವಿಲಿಯಂ ಮಾರಿಸ್ ಡೇವಿಸ್ ಇನ್ನೊಂದು ದಾರಿ ತೆರೆದಿದ್ದರು. ಹೈಸ್ಕೂಲಿನಲ್ಲಿ ಏನೇನು ಕಲಿಸಬೇಕೆಂದು ತೀರ್ಮಾನಿಸಲು 1892ರಲ್ಲಿ ಕೂತ ‘ಹತ್ತು ಜನರ ಸಮಿತಿ’ಯ ಭೂಗೋಳ ಚರ್ಚೆಯಲ್ಲಿ ಅವರದು ಜೋರಾದ ದನಿ. 1898ರಲ್ಲಿ ಪಠ್ಯಪುಸ್ತಕ, 1899ರಲ್ಲಿ ‘ಭೌಗೋಳಿಕ ಚಕ್ರ’ದ ಪ್ರಸಿದ್ಧ ಪ್ರಬಂಧ. ನೆಲ ಮೇಲೇಳುತ್ತದೆ, ನದಿ ಅದನ್ನು ಕೊರೆಯುತ್ತದೆ, ಭೂರೂಪಕ್ಕೆ ಯೌವನ, ಪ್ರೌಢಾವಸ್ಥೆ, ವೃದ್ಧಾವಸ್ಥೆ ಬರುತ್ತವೆ. ಮೇಷ್ಟರಿಗೆ ಬೋರ್ಡಿನ ಮೇಲೆ ಬರೆಯಲು ಸುಲಭ, ಮಕ್ಕಳಿಗೆ ನೆನಪಿಡಲು ಸುಲಭ, ಪರೀಕ್ಷಕರಿಗೆ ಹತ್ತು ಅಂಕದ ಪ್ರಶ್ನೆ ಕೇಳಲು ಇನ್ನೂ ಸುಲಭ. ವಾಲ್ಟರ್ ಪೆಂಕ್‌ನ ಆಕ್ಷೇಪಗಳು 1924ರಲ್ಲೇ ಅಚ್ಚಾದರೂ ಡೇವಿಸ್ ಶಾಲೆಯಿಂದ ಕದಲಲಿಲ್ಲ. ಇವತ್ತಿಗೂ ಕದಲಿಲ್ಲ.

ಈ ಚಿತ್ರವನ್ನು ಹಿಡಿದು ಸಾಗರ, ಸಿದ್ದಾಪುರದ ಕಡೆಯ ವಿದ್ಯಾರ್ಥಿಯ ಪಕ್ಕ ಒಮ್ಮೆ ಕೂತು ನೋಡಬೇಕು. ಪುಸ್ತಕದಲ್ಲಿ ನದಿಯ ಮೇಲ್ಭಾಗದಲ್ಲಿ ಜಲಪಾತ, ಕಂದರ, ವಿ ಆಕಾರದ ಕಣಿವೆ; ನಡುಭಾಗದಲ್ಲಿ ಬಳುಕು; ಕೆಳಭಾಗದಲ್ಲಿ ಬಯಲು. ಶರಾವತಿ ಇದನ್ನು ಪಾಲಿಸುವುದೇ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಮಲೆನಾಡಿನ ಏರಿಳಿತದ ನೆಲದಲ್ಲಿ ಸಾವಕಾಶ ಹರಿಯುತ್ತದೆ. ಸುಮಾರು 128 ಕಿಲೋಮೀಟರ್ ಹರಿವಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ಜೋಗದಲ್ಲಿ 253 ಮೀಟರ್ ಧುಮುಕುತ್ತದೆ. ಅಲ್ಲಿಂದ ಆಳದ ಕಂದರ, ಗೇರುಸೊಪ್ಪೆ, ಆಮೇಲೆ ಹೊನ್ನಾವರದ ಅಳಿವೆ. ಎಂದರೆ ನಡುವಯಸ್ಸು ದಾಟಿದ ಮೇಲೆ ಯೌವನ. ಅಘನಾಶಿನಿಯ ಉಂಚಳ್ಳಿ, ಬೇಡ್ತಿಯ ಮಾಗೋಡು ನೋಡಿದರೂ ಇದೇ ಕತೆ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಿಗೆ ಘಟ್ಟದ ಅಂಚೇ ನಿರ್ಣಾಯಕ, ವಯಸ್ಸಲ್ಲ.

ಡೇವಿಸ್‌ಗೆ ಇದು ಗೊತ್ತಿರಲಿಲ್ಲ ಎಂದಲ್ಲ. ನೆಲ ಮತ್ತೆ ಮೇಲೆದ್ದರೆ ನದಿಗೆ ಪುನರ್ಯೌವನ ಬರುತ್ತದೆಂದು ಅವರೇ ಹೇಳಿದ್ದಾರೆ. ಅದು ಪಠ್ಯದಲ್ಲಿ ಕೊನೆಗೆ ಒಂದು ಪ್ಯಾರಾ. ಮಕ್ಕಳು ಚಿತ್ರವನ್ನು ಓದುತ್ತಾರೆ, ಆ ಪ್ಯಾರಾವನ್ನಲ್ಲ. ನನ್ನ ದೃಷ್ಟಿಯಲ್ಲಿ ಕರ್ನಾಟಕದ ಪಿಯು ತರಗತಿಯಲ್ಲಿ ಪಾಠ ಆ ಪ್ಯಾರಾದಿಂದಲೇ ಶುರುವಾಗಬೇಕು. ಹಕ್ಸ್‌ಲಿಗೆ ಥೇಮ್ಸ್ ಇದ್ದ ಜಾಗದಲ್ಲಿ ನಮಗೆ ಶರಾವತಿ ಇದೆ.

ಘಟ್ಟಕ್ಕೆ ಆ ಅಂಚು ಎಲ್ಲಿಂದ ಬಂತು ಎಂದು ಕೇಳಿದರೆ ಪ್ರಾಕೃತಿಕ ಭೂಗೋಳದ ಅತಿದೊಡ್ಡ ಪಲ್ಲಟಕ್ಕೆ ಬರುತ್ತೇವೆ. ಖಂಡಗಳು ಅಲೆಯುತ್ತವೆ ಎಂದು ವೆಗೆನರ್ 1912ರಲ್ಲಿ ಹೇಳಿದಾಗ ಒಪ್ಪಿದವರು ಕಡಿಮೆ. 1960ರ ದಶಕದಲ್ಲಿ ಹೆಸ್, ವೈನ್, ಮ್ಯಾಥ್ಯೂಸ್, ಮ್ಯಾಕೆಂಜಿ, ಮಾರ್ಗನ್ ಇವರೆಲ್ಲ ಸೇರಿ ಸಾಗರ ತಳದ ಸಾಕ್ಷ್ಯದಿಂದ ಭೂಫಲಕ ಸಿದ್ಧಾಂತವನ್ನು ನಿಲ್ಲಿಸಿದರು. ಶಾಲಾ ಪಠ್ಯಗಳು ಮಾತ್ರ ನಿಧಾನವಾಗಿ ತಿರುಗಿದವು. ಭಾರತದ ಹಲವು ವಿಶ್ವವಿದ್ಯಾಲಯಗಳ ಪದವಿ ತರಗತಿಗಳಲ್ಲಿ ಅದಕ್ಕೂ ಹಿಂದಿನ ಕೋಬರ್, ಜಾಲಿ, ಜೆಫ್ರೀಸರ ಪರ್ವತ ಸಿದ್ಧಾಂತಗಳನ್ನು ಇಂದಿಗೂ ಒಂದೊಂದಾಗಿ ಬಾಯಿಪಾಠ ಮಾಡಿಸುತ್ತಾರೆ, ಬೇಸರವಾಗುವಷ್ಟು. ಆದರೆ ಸಿದ್ಧಾಂತಕ್ಕೆ ಕೈಗೆಟಕುವ ಸಾಕ್ಷಿ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುತ್ತದೆ. ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಗುರುತು ಅವು. ಪ್ರವಾಸಕ್ಕೆ ಹೋದ ಮಕ್ಕಳು ಅವುಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಭೂಫಲಕಗಳ ಪಾಠಕ್ಕೆ ಉದಾಹರಣೆ ಬರೆಯುವಾಗ ಐಸ್‌ಲ್ಯಾಂಡ್ ಎನ್ನುತ್ತಾರೆ.

ಮಳೆಯ ಪಾಠದ್ದೂ ಇಂಥದೇ ಪಯಣ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ, ಅದಕ್ಕೇ ಮಾನ್ಸೂನ್ ಎಂಬ ವಿವರಣೆ 1686ರ ಹ್ಯಾಲಿಯದು. ಅದರ ಮೇಲೆ ಗಿಲ್ಬರ್ಟ್ ವಾಕರ್ ಕಂಡುಕೊಂಡ ಪೆಸಿಫಿಕ್ಕಿನ ವಾಯುಭಾರದ ತೂಗಾಟ ಬಂತು, ಎಲ್ ನಿನೋ ಬಂತು, ನಮ್ಮವರೇ ಆದ ಕೋಟೇಶ್ವರಂ 1950ರ ದಶಕದಲ್ಲಿ ವಿವರಿಸಿದ ಪೂರ್ವ ಜೆಟ್ ಗಾಳಿ ಬಂತು. ಹನ್ನೊಂದನೇ ತರಗತಿಯ ಇಂದಿನ ಪಠ್ಯ ಇವನ್ನೆಲ್ಲ ಒಂದರ ಪಕ್ಕ ಒಂದು ಇಡುತ್ತದೆ. ಹ್ಯಾಲಿಯದನ್ನು ತೆಗೆದುಹಾಕಿಲ್ಲ, ಒಳ್ಳೆಯದೇ ಆಯಿತು.

ಎರಡನೇ ಮಹಾಯುದ್ಧದ ನಂತರ ವಿಷಯ ಲೆಕ್ಕದ ಕಡೆ ವಾಲಿತು. ಇಲ್ಲಿ ಮುಖ್ಯವಾದ ಹೆಸರು ಆರ್ಥರ್ ಸ್ಟ್ರಾಲರ್. ಈತ 1918ರಲ್ಲಿ ಹುಟ್ಟಿದ್ದು ನಮ್ಮ ಗಡಿಯಾಚೆಗಿನ ಕೊಲ್ಹಾಪುರದಲ್ಲಿ; ಬೆಳೆದು ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿ 1951ರಲ್ಲಿ ‘ಫಿಸಿಕಲ್ ಜಿಯಾಗ್ರಫಿ’ ಬರೆದರು. 1952ರಲ್ಲಿ ತೊರೆಗಳಿಗೆ ಶ್ರೇಣಿ ಕೊಡುವ ಸರಳ ವಿಧಾನ ಕೊಟ್ಟರು. ತುದಿಯ ತೊರೆಗಳು ಒಂದನೇ ಶ್ರೇಣಿ. ಎರಡು ಒಂದನೆಯವು ಕೂಡಿದರೆ ಎರಡು. ಎರಡಕ್ಕೆ ಒಂದು ಸೇರಿದರೆ ಎರಡಾಗಿಯೇ ಉಳಿಯುತ್ತದೆ. ಟೋಪೋಶೀಟ್ ಮತ್ತು ಬಣ್ಣದ ಪೆನ್ಸಿಲ್ ಇದ್ದರೆ ಹದಿನೇಳರ ಹುಡುಗಿ ಒಂದು ಮಧ್ಯಾಹ್ನದಲ್ಲಿ ತನ್ನ ಊರಿನ ಹಳ್ಳದ ಶ್ರೇಣಿ ಹಚ್ಚಬಹುದು. ಬ್ರಿಟನ್ನಿನಲ್ಲಿ ಚೋರ್ಲಿ ಮತ್ತು ಹ್ಯಾಗೆಟ್ 1963ರಿಂದ ಕೇಂಬ್ರಿಡ್ಜ್ ಬಳಿಯ ಮ್ಯಾಡಿಂಗ್ಲಿಯಲ್ಲಿ ಶಾಲಾ ಶಿಕ್ಷಕರನ್ನು ಕೂಡಿಸಿ ಈ ಹೊಸ ರೀತಿಯನ್ನು ಹೇಳಿಕೊಟ್ಟರು. ಹತ್ತೇ ವರ್ಷದಲ್ಲಿ ಅಲ್ಲಿನ ಪಠ್ಯಕ್ರಮ ಬದಲಾಗತೊಡಗಿತು. ಶಿಕ್ಷಕರನ್ನು ಮೊದಲು ಕೂಡಿಸಿದ್ದರಿಂದಲೇ ಅದು ಸಾಧ್ಯವಾಯಿತು ಎಂದು ನನ್ನ ಎಣಿಕೆ.

ಅಲ್ಲಿ ಇನ್ನೊಂದು ಅನುಕೂಲವೂ ಇತ್ತು. ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಕ್ಷೇತ್ರ ಅಧ್ಯಯನ ಸಂಸ್ಥೆ 1943ರಲ್ಲೇ ಹುಟ್ಟಿ, 1946ರಲ್ಲಿ ಫ್ಲ್ಯಾಟ್‌ಫೋರ್ಡ್ ಮಿಲ್‌ನಲ್ಲಿ ಕೇಂದ್ರ ತೆರೆದಿತ್ತು. 2016ರಲ್ಲಿ ಜಾರಿಗೆ ಬಂದ ಇಂಗ್ಲೆಂಡಿನ ಎ ಲೆವೆಲ್‌ನಲ್ಲಿ ಕನಿಷ್ಠ ನಾಲ್ಕು ದಿನದ ಕ್ಷೇತ್ರಕಾರ್ಯ ಕಡ್ಡಾಯ. ವಿದ್ಯಾರ್ಥಿ ತಾನೇ ಪ್ರಶ್ನೆ ಹುಡುಕಿ ಮಾಡುವ ಅಧ್ಯಯನಕ್ಕೆ ಶೇಕಡ 20 ಅಂಕ.

ನಮ್ಮಲ್ಲಿ ಬಯಲಿನ ಸ್ಥಾನವನ್ನು ಪ್ರಾಕ್ಟಿಕಲ್ ರೆಕಾರ್ಡ್ ತುಂಬಿದೆ. ಅದನ್ನು ಹಗುರವಾಗಿ ನೋಡಬೇಕಿಲ್ಲ. ಟೋಪೋಶೀಟಿನ ಮೇಲೆ ಎರಡು ಊರುಗಳ ನಡುವೆ ಗೆರೆ ಎಳೆಯುತ್ತಾರೆ. ಕಾಗದದ ಪಟ್ಟಿಯ ಅಂಚನ್ನು ಆ ಗೆರೆಗೆ ಹೊಂದಿಸಿ, ಕಂದು ಬಣ್ಣದ ಕಂಟೂರ್ ದಾಟುವಲ್ಲೆಲ್ಲ ಗುರುತು ಹಾಕಿ, ಎತ್ತರ ಬರೆದು, ಗ್ರಾಫ್ ಹಾಳೆಗೆ ಇಳಿಸಿ, ಚುಕ್ಕಿ ಕೂಡಿಸಿದರೆ ನೆಲದ ಅಡ್ಡಛೇದ ಕಾಣುತ್ತದೆ. 1:50,000ದ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ 500 ಮೀಟರ್. ಎತ್ತರಕ್ಕೆ ಸೆಂಟಿಮೀಟರಿಗೆ 100 ಮೀಟರ್ ಹಿಡಿದರೆ ಗುಡ್ಡ ಐದು ಪಟ್ಟು ಉಬ್ಬುತ್ತದೆ, ಚಾಮುಂಡಿ ಬೆಟ್ಟವೂ ಹಿಮಾಲಯದ ಗತ್ತು ತೋರಿಸುತ್ತದೆ. ಎಷ್ಟು ಪಟ್ಟು ಉಬ್ಬಿಸಿದ್ದೇವೆಂದು ಕೆಳಗೆ ಬರೆಯಬೇಕು. ಆ ಒಂದು ಸಾಲು ಬರೆದವನಿಗೆ ನಕ್ಷೆಯೆಂದರೆ ಏನೆಂದು ಅರ್ಥವಾಗಿರುತ್ತದೆ.

ತೊಂದರೆ ಇದ್ದದ್ದು ಹಾಳೆ ಸಿಗುವುದರಲ್ಲಿ. ಗಡಿ ಮತ್ತು ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಒಳಗಿನ ಟೋಪೋಶೀಟ್‌ಗಳು ದಶಕಗಳ ಕಾಲ ನಿರ್ಬಂಧಿತ. ಕುಮಟಾ, ಉಡುಪಿ, ಮಂಗಳೂರಿನ ಮಕ್ಕಳು ತಮ್ಮ ಕಾಲಡಿಯ ನೆಲವನ್ನು ಬಿಟ್ಟು ಎಲ್ಲೋ ದೂರದ ಹಾಳೆ ನೋಡಿ ಅಭ್ಯಾಸ ಮಾಡಬೇಕಿತ್ತು. 2005ರ ರಾಷ್ಟ್ರೀಯ ನಕ್ಷೆ ನೀತಿ ಸಾರ್ವಜನಿಕರಿಗೆಂದು ಬೇರೆ ಸರಣಿ ತಂದಿತು, 2021ರ ಮಾರ್ಗಸೂಚಿ ಮತ್ತಷ್ಟು ಸಡಿಲಿಸಿತು. ಬೆಂಗಳೂರಿನ ಹಳೆಯ ಸಂಖ್ಯೆ 57 ಎಚ್ ಈಗ ಹೊಸ ಸರಣಿಯಲ್ಲಿ ಡಿ43ರೊಳಗೆ ಬರುತ್ತದೆ. ಇಸ್ರೊದ ಭುವನ್ 2009ರಿಂದಲೂ ಇದೆ. ಹಾಳೆ ಈಗ ಸಿಗುತ್ತದೆ. ಬಹಳಷ್ಟು ಕಾಲೇಜುಗಳ ಕಪಾಟಿನಲ್ಲಿ ಮಡಿಕೆಯಲ್ಲಿ ಹರಿದ ಹಳೆಯದೇ ಇದೆ.

ಪುಸ್ತಕದ ಮಾತಿಗೆ ಬಂದರೆ, 2005ರ ಪಠ್ಯಕ್ರಮ ಚೌಕಟ್ಟಿನ ಮೇಲೆ 2006ರಲ್ಲಿ ಬಂದ ಎನ್‌ಸಿಇಆರ್‌ಟಿ ಪುಸ್ತಕ ಒಳ್ಳೆಯ ಕೆಲಸ. ಭೂಮಿಯ ಹುಟ್ಟಿನಿಂದ ಜೀವವೈವಿಧ್ಯದವರೆಗೆ ಹದಿನಾರು ಅಧ್ಯಾಯ. ಜತೆಗೆ ಭಾರತದ ಭೌತಿಕ ಪರಿಸರಕ್ಕೊಂದು, ಪ್ರಾಯೋಗಿಕಕ್ಕೊಂದು ಪುಸ್ತಕ. ಕೋವಿಡ್ ನಂತರ ಪಠ್ಯಭಾರ ಇಳಿಸುವ ಹೆಸರಿನಲ್ಲಿ ಹದಿನಾರು ಹದಿನಾಲ್ಕಾಯಿತು. ಹೋದವುಗಳಲ್ಲಿ ಒಂದು ಖನಿಜ ಮತ್ತು ಶಿಲೆಗಳ ಅಧ್ಯಾಯ. ಭಾರತದ ಪುಸ್ತಕದಿಂದ ಮಣ್ಣಿನ ಅಧ್ಯಾಯವೂ ಹೋಯಿತು. ಕಲ್ಲು ಮಣ್ಣು ಎರಡನ್ನೂ ಬಿಟ್ಟು ಪ್ರಾಕೃತಿಕ ಭೂಗೋಳ ಕಲಿಸಿ ಎಂದರೆ ಮೇಷ್ಟರು ಏನು ಮಾಡಬೇಕು? ಮುಂದಿನ ಪಾಠ ಶಿಥಿಲೀಕರಣದ್ದು. ಯಾವುದು ಶಿಥಿಲವಾಗುವುದು ಎಂದು ಮಕ್ಕಳು ಕೇಳಿದರೆ ಹಳೆಯ ಪುಸ್ತಕ ಹುಡುಕಬೇಕು, ಇಲ್ಲವೇ ಲಾಲ್‌ಬಾಗಿನ ಬಂಡೆಗೆ ಕರೆದೊಯ್ಯಬೇಕು. ಸುಮಾರು 300 ಕೋಟಿ ವರ್ಷದ ಆ ನೈಸ್ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಪದರುಪದರಾಗಿ ಏಳುವ ಸಿಪ್ಪೆಯನ್ನು ಕೈಯಿಂದಲೇ ಮುಟ್ಟಿ ನೋಡಬಹುದು.

ಉಳಿದ ಅಧ್ಯಾಯಗಳಲ್ಲಿ ವಾಯುಗುಣದ ವರ್ಗೀಕರಣ ಇದೆ, ಭಾರತದ ಪುಸ್ತಕದಲ್ಲಿ ಅದಕ್ಕೊಂದು ಕೋಷ್ಟಕವೂ ಇದೆ. ಕೊಪ್ಪೆನ್ 1884ರಿಂದ ತಿದ್ದುತ್ತ ಬಂದ ಆ ಪದ್ಧತಿಯ ಈ ಕೋಷ್ಟಕದಲ್ಲಿ ನಮ್ಮ ಪಶ್ಚಿಮ ಕರಾವಳಿ ಎಎಮ್‌ಡಬ್ಲ್ಯು, ದಖನ್ ಪ್ರಸ್ಥಭೂಮಿಯ ಬಹುಭಾಗ ಎಡಬ್ಲ್ಯು, ಅಂದರೆ ಸವಾನಾ. ಅರೆಶುಷ್ಕ ಬಿಎಸ್‌ಎಚ್ ಎಂದರೆ ಗುಜರಾತ್, ರಾಜಸ್ಥಾನ, ಪಂಜಾಬಿನ ತುಂಡುಗಳು ಮಾತ್ರ. ಬಳ್ಳಾರಿಯ ವಿದ್ಯಾರ್ಥಿ ಇದನ್ನು ತಾನೇ ಪರೀಕ್ಷಿಸಬಹುದು. ವರ್ಷದ ಸರಾಸರಿ ಉಷ್ಣತೆ 27 ಡಿಗ್ರಿ ಹಿಡಿದು 20ರಿಂದ ಗುಣಿಸಿದರೆ 540. ಮಳೆ ವರ್ಷವಿಡೀ ಹರಡಿದ್ದರೆ 140 ಕೂಡಿಸಿ 680; ಬೇಸಿಗೆಯ ಅರ್ಧದಲ್ಲೇ ಹೆಚ್ಚು ಸುರಿದರೆ 280 ಕೂಡಿಸಿ 820. ಬೀಳುವ ಮಳೆ ಮಿಲಿಮೀಟರ್ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ, ಅದರ ಅರ್ಧಕ್ಕಿಂತ ಹೆಚ್ಚು ಇದ್ದರೆ ಅರೆಶುಷ್ಕ. ಬಳ್ಳಾರಿಯ ಮಳೆ 500ರ ಆಸುಪಾಸು. ಯಾವ ರೀತಿ ಹಿಡಿದರೂ ಬಿಎಸ್‌ಎಚ್ ಬರುತ್ತದೆ. ಈಚಿನ ಜಾಗತಿಕ ನಕ್ಷೆಗಳೂ ಘಟ್ಟದ ಮಳೆನೆರಳಿನಲ್ಲಿ ಅದೇ ಪಟ್ಟಿಯನ್ನು ತೋರಿಸುತ್ತವೆ. ಅಂಕಿ ಅಂಶಕ್ಕೂ ಬರವಿಲ್ಲ: 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲೇ ಮಳೆಮಾಪಕ ನಿಲ್ಲಿಸಿದೆ. ಲೆಕ್ಕ ಮಾಡಿ ನೋಡಿದ ಹುಡುಗಿ ಪರೀಕ್ಷೆಯಲ್ಲಿ ಮಾತ್ರ ಪ್ರಸ್ಥಭೂಮಿ ಎಂದರೆ ಎಡಬ್ಲ್ಯು ಎಂದು ಬರೆದು ಬರುತ್ತಾಳೆ. ಅಂಕ ಇರುವುದು ಅದಕ್ಕೆ.