ದೋಸೆಯ ಪುಟ, ಕೆಂಡದ ಪುಟ

ಶ್ರೀನಿವಾಸಪುರದಿಂದ ಮದನಪಲ್ಲಿಯ ಕಡೆಗೆ ಹೊರಟರೆ, ಆಂಧ್ರದ ಗಡಿ ಇನ್ನೇನು ಬಂತು ಎನ್ನುವಾಗ ರಾಯಲ್ಪಾಡು ಸಿಗುತ್ತದೆ. ಮಾವಿನ ತೋಪುಗಳ ಸೀಮೆ. ಒಂದೇ ಮಾತಿನಲ್ಲಿ ಕನ್ನಡವೂ ತೆಲುಗೂ ಬೆರೆತು ಬರುವ ಜಾಗ. ಈ ಸೀಮೆಯ ಯಾವ ದೊಡ್ಡ ಊರಿನಲ್ಲಾದರೂ ಭಾನುವಾರ ಬೆಳಿಗ್ಗೆ ಮಾಂಸದಂಗಡಿಯ ಹತ್ತಿರ ಹಾದುಹೋದವರಿಗೆ ಸುಟ್ಟ ಕೂದಲಿನ ವಾಸನೆ ಗೊತ್ತಿರುತ್ತದೆ. ಕುರಿಯ ತಲೆ ಕಾಲುಗಳನ್ನು ಬೆಂಕಿಗೆ ಹಿಡಿದು ಸುಟ್ಟು, ಕರಿಯಾದ ಚರ್ಮವನ್ನು ಚಾಕುವಿನಿಂದ ಕೆರೆದು, ತೊಳೆದು, ಕೊಚ್ಚಿ ಕೊಡುವವರು ರಸ್ತೆ ಬದಿಯಲ್ಲೇ ಕೂತಿರುತ್ತಾರೆ. ಇಂಥ ಕೆಲಸದ ವರ್ಣನೆ ಸುಮಾರು ಒಂಬೈನೂರು ವರ್ಷದ ಹಿಂದೆಯೇ ಗ್ರಂಥವೊಂದರಲ್ಲಿ ಬಂದಿದೆ, ಅದನ್ನು ಬರೆದವನು ಕನ್ನಡನಾಡನ್ನು ಆಳಿದ ದೊರೆ ಎಂದರೆ ಅವರು ನಕ್ಕಾರು.

ಆ ದೊರೆ ಕಲ್ಯಾಣ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ. ಇಂದು ಬಸವಕಲ್ಯಾಣ ಎನ್ನಿಸಿಕೊಂಡಿರುವ ಊರಿನಿಂದ 12ನೆಯ ಶತಮಾನದ ಎರಡನೆಯ ಕಾಲುಭಾಗದಲ್ಲಿ ಆಳಿದ. ಯುದ್ಧಗಳಿಗಿಂತ ಹೆಚ್ಚಾಗಿ ಅವನನ್ನು ಉಳಿಸಿರುವುದು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿತವಾದ ‘ಮಾನಸೋಲ್ಲಾಸ’. ಇದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಉಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು. ರಾಜನೀತಿ, ಆನೆ, ರತ್ನ, ಚಿತ್ರಕಲೆ, ಸಂಗೀತ, ಊಟ, ಆಟ ಎಲ್ಲವೂ ಅದರಲ್ಲಿ ಅಡಕ.

ಹೋಟೆಲುಗಳ ಚರಿತ್ರೆ ಬರೆಯುವವರಿಗೆಲ್ಲ ಈ ಗ್ರಂಥ ಚೆನ್ನಾಗಿ ಪರಿಚಿತ. ದೋಸೆ, ಇಡ್ಲಿಗಳ ಪ್ರಾಚೀನತೆಯ ಮಾತು ಬಂದಾಗ ಮೊದಲು ಹೊರಬರುವ ಆಧಾರಗಳಲ್ಲಿ ಇದೂ ಒಂದು. ‘ಧೋಸಕ’ ಎಂಬ ಹೆಸರಿನಲ್ಲಿ ದೋಸೆ ಅಲ್ಲಿದೆ. ಆದರೆ ಅದು ಅಕ್ಕಿಯದಲ್ಲ, ಬೇಳೆ ಹಿಟ್ಟಿನದು. ‘ಇಡ್ಡರಿಕಾ’ ಎಂಬ ಇಡ್ಲಿಯೂ ಉದ್ದಿನದೇ. ರಾಯಲ್ಪಾಡಿನ ನೆರೆ ತಾಲ್ಲೂಕಾದ ಮುಳಬಾಗಿಲು ತನ್ನ ದೋಸೆಯಿಂದಲೇ ಹೆಸರಾಗಿದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ದಪ್ಪಗೆ ಇರುವ ಆ ದೋಸೆಯ ಹೆಸರನ್ನು ಬೆಂಗಳೂರಿನ ಹೋಟೆಲುಗಳ ಫಲಕದ ಮೇಲೂ ಕಾಣಬಹುದು. ಅಂತೂ ದೋಸೆಗೆ ಚರಿತ್ರೆ ಸಿಕ್ಕಿತು. ಅದೇ ಅಧ್ಯಾಯದ ಮಾಂಸದ ಪಾಕಗಳನ್ನು ಮಾತ್ರ ಓದುವವರು ಕಡಿಮೆ, ಓದಿದವರು ಹೇಳುವುದು ಇನ್ನೂ ಕಡಿಮೆ.

ಏನಿದೆ ಅಲ್ಲಿ? ಹಂದಿಯನ್ನು ಅಡಿಗೆಗೆ ಅಣಿಮಾಡುವ ಎರಡು ಬಗೆಗಳನ್ನು ದೊರೆ ಹೇಳುತ್ತಾನೆ. ಬಿಳಿ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ಕೀಳುವುದು ಒಂದು. ಹುಲ್ಲಿನ ಬೆಂಕಿಯಲ್ಲಿ ಕೂದಲು ಸುಡುವುದು ಇನ್ನೊಂದು. ಆಮೇಲೆ ಸುಟ್ಟು, ತುಂಡರಿಸಿ, ಮತ್ತೆ ಕೆಂಡಕ್ಕೆ ಒಡ್ಡುವುದು. ‘ಭಡಿತ್ರಕ’ ಎಂಬುದು ಇನ್ನೂ ಸೊಗಸಾದದ್ದು. ಮಾಂಸದ ತುಂಡುಗಳಿಗೆ ತೂತು ಮಾಡಿ, ಮಸಾಲೆ ತುಂಬಿ, ಸರಳಿಗೆ ಚುಚ್ಚಿ ಕೆಂಡದ ಮೇಲೆ ಬೇಯಿಸುವ ಪಾಕ ಅದು. ಕರುಳನ್ನೂ ಬಿಟ್ಟಿಲ್ಲ, ಇಂದು ‘ಬೋಟಿ’ ಎನ್ನುವ ಅದನ್ನು ತೊಳೆದು ಕೆಂಡದ ಮೇಲೆ ಗರಿಯಾಗಿಸಬೇಕು. ನದಿಯ ದಡದಲ್ಲೂ ಹೊಲದಲ್ಲೂ ಬೆಳೆದ ಇಲಿಗೂ ಅರಮನೆಯ ಪಾಕಶಾಲೆಯಲ್ಲಿ ಸ್ಥಾನ ಉಂಟು. ಬಾಲ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ ಕೂದಲು ಹೋಗಿಸುವ ಕ್ರಮವನ್ನು ಚಕ್ರವರ್ತಿಯೊಬ್ಬ ಇಷ್ಟು ನಿಗಾ ವಹಿಸಿ ಹೇಳಿರುವುದು ಸೋಜಿಗವೇ. ಇಲಿ ತಿನ್ನುವವರೆಂದು ಬಡವರನ್ನು ಹೀಗಳೆಯುವವರಿಗೆ ಈ ಶ್ಲೋಕಗಳನ್ನು ಓದಿಸಬೇಕು.

ಅರಮನೆಯ ಆಟಗಳಿಗೂ ಈ ಅಡಿಗೆಗೂ ನಂಟಿತ್ತು. ಮಾನಸೋಲ್ಲಾಸದ ನಾಲ್ಕನೆಯ ಭಾಗ ವಿನೋದಗಳದು. ಎರಡು ಪಂಗಡಗಳು ಕುದುರೆಯೇರಿ, ಕೋಲಿನಿಂದ ಚೆಂಡು ಹೊಡೆದು ತೋರಣದ ಆಚೆಗೆ ದಾಟಿಸುವ ಆಟ ಅಲ್ಲಿದೆ. ಇಂದಿನ ಪೋಲೊ ಬಲ್ಲವರಿಗೆ ವಿವರಣೆ ಬೇಕಿಲ್ಲ. ಮಲ್ಲವಿನೋದದಲ್ಲಿ ಜಟ್ಟಿಗಳ ವರ್ಗ, ಪಟ್ಟು, ಸಾಧನೆಗಳ ಜೊತೆಗೆ ಅವರಿಗೆ ಏನೇನು ತಿನ್ನಿಸಬೇಕೆಂಬುದೂ ಬರುತ್ತದೆ. ಉದ್ದು, ಮಾಂಸ ಎರಡೂ ಆ ಪಟ್ಟಿಯಲ್ಲಿವೆ. ದೋಸೆಯ ಉದ್ದೂ ಕೆಂಡದ ಮಾಂಸವೂ ಜಟ್ಟಿಯ ಊಟದಲ್ಲಿ ಒಂದಾಗಿದ್ದವು.

ಹಾಗಾದರೆ ಅವು ಬೇರೆಯಾದದ್ದು ಎಲ್ಲಿ? ಒಂದು ಕಾರಣ ಪುಸ್ತಕಗಳಲ್ಲೇ ಇದೆ. ಕನ್ನಡದ ಹೆಸರಾಂತ ಪಾಕಗ್ರಂಥ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಕವಿ ಜೈನ, ಹಾಗಾಗಿ ಅದರಲ್ಲಿರುವುದೆಲ್ಲ ಸಸ್ಯಾಹಾರ. ಅಡಿಗೆಯ ಬಗ್ಗೆ ಬರೆಯಬಲ್ಲವರು ಮಾಂಸ ತಿನ್ನುತ್ತಿರಲಿಲ್ಲ. ಮಾಂಸ ಬೇಯಿಸುತ್ತಿದ್ದವರ ಕೈಗೆ ಲೇಖನಿ ಬರಲಿಲ್ಲ. ಕೆಂಡದ ಮೇಲಿನ ಮಾಂಸ ಕನ್ನಡದಲ್ಲಿ ಉಳಿದದ್ದು ಪಾಕಶಾಸ್ತ್ರದಲ್ಲಲ್ಲ, ಭಕ್ತಿಯ ಕಥೆಯಲ್ಲಿ. ಹಂದಿಯ ಮಾಂಸ ಸುಟ್ಟು, ಹದ ಸರಿಯಿದೆಯೇ ಎಂದು ಮೊದಲು ತಾನೇ ಕಚ್ಚಿ ನೋಡಿ, ಶಿವನಿಗೆ ಎಡೆಯಿಟ್ಟ ಬೇಡರ ಕಣ್ಣಪ್ಪನನ್ನು ಯಾರು ಮರೆತಾರು? ಹರಿಹರ ಅವನ ಮೇಲೆ ರಗಳೆ ಬರೆದ. 1954ರಲ್ಲಿ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರದ ಕಥೆಯೂ ಅದೇ. ಕಥೆ ನಡೆದದ್ದೆನ್ನುವ ಕಾಳಹಸ್ತಿ ಕೋಲಾರದ ಪೂರ್ವ ಗಡಿಯಾಚೆಗಿನ ಸೀಮೆಯಲ್ಲೇ ಇದೆ.

ಅಮೆರಿಕದ ಮಾತೂ ಇಲ್ಲಿ ಸಲ್ಲುತ್ತದೆ. ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಕಾಲೇಜು ತಂಡಗಳ ಫುಟ್‌ಬಾಲ್ ಪಂದ್ಯದ ದಿನ ಮೈದಾನದ ಹೊರಗೆ ಹೊಗೆಯಾಡುವ ಬಾರ್ಬೆಕ್ಯೂ ಒಂದು ಹಬ್ಬವೇ. ಯಾವ ರಾಜ್ಯದ ಬಗೆ ಮೇಲು ಎಂದು ಜನ ಜಗಳವಾಡುತ್ತಾರೆ. ಆದರೆ ಹಿಂದೆ ರಾತ್ರಿಯಿಡೀ ಗುಂಡಿಯ ಕೆಂಡ ಕಾಯುತ್ತಿದ್ದವರು ಬಹುಪಾಲು ಗುಲಾಮರಾಗಿದ್ದ ಕರಿಯರು. ಅವರಲ್ಲಿ ಹೆಚ್ಚಿನವರ ಹೆಸರುಗಳನ್ನು ಅಲ್ಲಿಯೂ ಬರೆದಿಡಲಿಲ್ಲ.

ಹಳೆಯ ಮೈಸೂರಿನ ಕಡೆ ಬರೀ ‘ಹೋಟೆಲು’ ಎಂದರೆ ಸಸ್ಯಾಹಾರದ್ದು ಎಂದೇ ಅರ್ಥವಾಗುತ್ತಿತ್ತು. ಮಾಂಸ ಬಡಿಸುವ ಜಾಗಕ್ಕೆ ಮುಂದೊಂದು ವಿಶೇಷಣ ಬೇಕಾಯಿತು. ‘ಮಿಲಿಟರಿ ಹೋಟೆಲ್’ ಎಂಬ ಹೆಸರು ಬಂದದ್ದು ಹಾಗೆ. ಬೆಂಗಳೂರಿನಲ್ಲಿ ಇಂಥ ಹಲವನ್ನು ಮರಾಠಿ ಮನೆತನದವರು ನಡೆಸುತ್ತ ಬಂದಿದ್ದಾರೆ. ಮುದ್ದೆ, ಕಾಲು ಸೂಪು, ಕೈಮ ಉಂಡೆ, ದೊನ್ನೆ ಬಿರಿಯಾನಿ ಅಲ್ಲಿಯ ಪರಿಚಿತ ಪಟ್ಟಿ. ಪಂಜಾಬಿನ ತಂದೂರಿ ಒಲೆ ಹೆದ್ದಾರಿಯ ಢಾಬಾಗಳಿಗೆ ಬಂದದ್ದು ಆಮೇಲೆ. ವಿಚಿತ್ರವೆಂದರೆ, ಹೊರಗಿನಿಂದ ಬಂದ ‘ಕಬಾಬ್’ ಎಂಬ ಮಾತು ನಮ್ಮಲ್ಲಿ ಬೆಂಕಿಯನ್ನೇ ಕಳೆದುಕೊಂಡಿತು. ರಸ್ತೆ ಬದಿಯ ಗಾಡಿಯಲ್ಲಿ ಕಬಾಬ್ ಕೇಳಿದರೆ ಸಿಗುವುದು ಕೆಂಪು ಹಿಟ್ಟು ಬಳಿದು ಎಣ್ಣೆಯಲ್ಲಿ ಕರಿದ ಕೋಳಿ. ಸೋಮೇಶ್ವರನ ಭಡಿತ್ರಕಕ್ಕೆ ಕಬಾಬಿನ ಹೆಸರಿರಲಿಲ್ಲ, ಕೆಂಡವಿತ್ತು.

ಕೋಲಾರದ ಹಳ್ಳಿಗಳಲ್ಲಿ ಮಾಂಸದ ದೊಡ್ಡ ದಿನಗಳು ಇಂದಿಗೂ ಹೋಟೆಲಿನವಲ್ಲ. ಯುಗಾದಿಯ ಮರುದಿನದ ಹೊಸತೊಡಕಿಗೆ ಹಲವು ಮನೆಯವರು ಹಣ ಕೂಡಿಸಿ ಕುರಿ ಕೊಳ್ಳುತ್ತಾರೆ. ಕೊಯ್ದದ್ದನ್ನು ಗುಡ್ಡೆ ಗುಡ್ಡೆಯಾಗಿ ಹಂಚುತ್ತಾರೆ. ತೊಡೆ, ಪಕ್ಕೆ, ಈಲಿ, ಬೋಟಿ ಎಲ್ಲವೂ ಎಲ್ಲ ಗುಡ್ಡೆಗೂ ಸ್ವಲ್ಪ ಸ್ವಲ್ಪ ಬೀಳಬೇಕು. ಒಳ್ಳೆಯ ತುಂಡು ಒಬ್ಬನಿಗೇ ಹೋಗದಂತೆ ನೋಡಿಕೊಳ್ಳುವ ಈ ‘ಗುಡ್ಡೆ ಬಾಡು’ ಯಾವ ಗ್ರಂಥದ ಲೆಕ್ಕಕ್ಕೂ ಕಡಿಮೆಯದಲ್ಲ.

ಇನ್ನೊಂದು ಸಂದರ್ಭ ಪಂದ್ಯಗಳದು. ಬೇಸಿಗೆಯಲ್ಲಿ ಕಾಲೇಜಿಗೆ ರಜೆ ಬಿಟ್ಟು ಹುಡುಗರು ಊರಿಗೆ ಮರಳಿದ ಮೇಲೆ ಬಯಲಿನಲ್ಲಿ ಕಬಡ್ಡಿ, ಕ್ರಿಕೆಟ್ ಪಂದ್ಯಾವಳಿ ಏಳುತ್ತವೆ. ಬಹುಮಾನಕ್ಕೆ ಕಪ್ಪಿನ ಜೊತೆ, ಕೆಲವೆಡೆ ಕಪ್ಪಿನ ಬದಲಿಗೆ, ಟಗರು ಕಟ್ಟುವುದುಂಟು. ಮೈದಾನದಂಚಿನ ಮರಕ್ಕೆ ಕಟ್ಟಿದ ಟಗರು ದಿನವಿಡೀ ಆಟ ನೋಡುತ್ತಿರುತ್ತದೆ. ಸಂಜೆಗೆ ಗೆದ್ದವರು ಅದನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೊರಡುತ್ತಾರೆ. ಮುಂದಿನದು ಒಲೆಯ ಕೆಲಸ. ಆಗಲೂ ತಲೆ ಕಾಲು ಸುಡಲು ಬಲ್ಲವನೊಬ್ಬ ಬೇಕು. ಹುಲ್ಲು ಸೌದೆಯ ಬದಲಿಗೆ ಹಲವರ ಕೈಯಲ್ಲಿ ಈಗ ಗ್ಯಾಸಿನ ಉರಿ ಬಂದಿದೆ. ಕೆಲಸ ಬೇಗ ಮುಗಿಯುತ್ತದೆ, ಸಾರಿಗೆ ಆ ಹೊಗೆಯ ರುಚಿ ಇಳಿಯುವುದಿಲ್ಲ ಎಂಬುದು ಹಳಬರ ತಕರಾರು.