ಹಾಲಿನ ಸಂಯೋಜನೆಯಿಂದ ಹಸುಗಳ ಚಯಾಪಚಯ ತೊಂದರೆಗಳ ಪತ್ತೆ

ಕರು ಹಾಕಿದ ಎರಡು ಮೂರು ವಾರಗಳಲ್ಲಿ ಹಾಲಿನ ಜಿಡ್ಡಿನಂಶ ಇದ್ದಕ್ಕಿದ್ದಂತೆ ಏರಿದರೆ, ಡೇರಿಯಲ್ಲಿ ದರ ಹೆಚ್ಚು ದೊರೆಯುವುದರಿಂದ ಹೈನುಗಾರರಿಗೆ ಸಂತೋಷವಾಗುವುದು ಸಹಜ. ಆದರೆ ಅದೇ ಏರಿಕೆಯು, ಹಸುವು ತನ್ನ ಮೈಯ ಕೊಬ್ಬನ್ನು ಕರಗಿಸಿ ಹಾಲು ಕೊಡುತ್ತಿದೆ ಎಂಬುದರ ಮೊದಲ ಸೂಚನೆಯೂ ಆಗಿರಬಹುದು. ಹಸು ಮೇವು ಬಿಡುವ ಮುನ್ನವೇ ಇದನ್ನು ಗುರುತಿಸಿದರೆ ಆ ಸೂಲಿನ ಹಾಲನ್ನೂ ಮುಂದಿನ ಗರ್ಭಧಾರಣೆಯನ್ನೂ ಉಳಿಸಿಕೊಳ್ಳಬಹುದು.

ಸಾಮಾನ್ಯ ಸಂಯೋಜನೆ

ಹೆಚ್.ಎಫ್. ಮಿಶ್ರತಳಿ ಹಸುವಿನ ಹಾಲಿನಲ್ಲಿ ಸುಮಾರು ಶೇ. 3.5ರಿಂದ 4 ಜಿಡ್ಡು, ಶೇ. 3.0ರಿಂದ 3.4 ಪ್ರೊಟೀನ್ ಹಾಗೂ ಶೇ. 4.6ರಿಂದ 4.8 ಲ್ಯಾಕ್ಟೋಸ್ ಇರುತ್ತದೆ. ಜರ್ಸಿ ಮಿಶ್ರತಳಿಗಳಲ್ಲಿ ಜಿಡ್ಡು ಇದಕ್ಕಿಂತ ಹೆಚ್ಚು. ಆದುದರಿಂದ ಒಂದು ಹಸುವಿನ ಅಂಕಿಯನ್ನು ನೆರೆಯವರ ಹಸುವಿನೊಂದಿಗೆ ಹೋಲಿಸದೆ, ಅದೇ ಹಸುವಿನ ಹಿಂದಿನ ಅಂಕಿಗಳೊಂದಿಗೆ ಹೋಲಿಸಬೇಕು.

ಮಾದರಿ ಸಂಗ್ರಹಿಸುವ ಕ್ರಮ

• ಕ್ಯಾನಿನಲ್ಲಿ ಬೆರೆತ ಹಾಲಿನಿಂದ ಒಂದು ಹಸುವಿನ ತೊಂದರೆ ತಿಳಿಯದು. ಪ್ರತಿ ಹಸುವಿನ ಹಾಲನ್ನು ಬೇರೆಯಾಗಿ ಪರೀಕ್ಷಿಸಿ.
• ಮೊದಲ ಧಾರೆಗಳಲ್ಲಿ ಜಿಡ್ಡು ಬಹಳ ಕಡಿಮೆ, ಕೊನೆಯ ಧಾರೆಗಳಲ್ಲಿ ಬಹಳ ಹೆಚ್ಚು. ಪೂರ್ತಿ ಕರೆದು, ಚೆನ್ನಾಗಿ ಬೆರೆಸಿದ ನಂತರವೇ ಮಾದರಿ ತೆಗೆಯಿರಿ.
• ಕೊನೆಯ ಹಾಲನ್ನು ಕರುವಿಗೆ ಬಿಡುವ ಪದ್ಧತಿಯಿದ್ದಲ್ಲಿ ಜಿಡ್ಡು ಕಡಿಮೆ ಕಾಣುತ್ತದೆ. ಇದನ್ನು ರೋಗವೆಂದು ತಿಳಿಯಬಾರದು.
• ಬೆಳಗಿನ ಮತ್ತು ಸಂಜೆಯ ಹಾಲಿನಲ್ಲಿ ವ್ಯತ್ಯಾಸವಿರುವುದರಿಂದ ಎರಡನ್ನೂ ಪರೀಕ್ಷಿಸಿ ಸರಾಸರಿ ತೆಗೆದುಕೊಳ್ಳಿ.
• ಗಿಣ್ಣು ಹಾಲಿನ ಅಂಕಿಗಳನ್ನು ಪರಿಗಣಿಸಬೇಡಿ.

ಜಿಡ್ಡು ಮತ್ತು ಪ್ರೊಟೀನ್ ಅನುಪಾತ

ಜಿಡ್ಡಿನ ಶೇಕಡಾವಾರನ್ನು ಪ್ರೊಟೀನಿನ ಶೇಕಡಾವಾರಿನಿಂದ ಭಾಗಿಸಿದರೆ ಈ ಅನುಪಾತ ದೊರೆಯುತ್ತದೆ. ಸಾಮಾನ್ಯವಾಗಿ ಇದು 1.1ರಿಂದ 1.4ರೊಳಗೆ ಇರುತ್ತದೆ. ಉದಾಹರಣೆಗೆ, ಜಿಡ್ಡು 4.8 ಹಾಗೂ ಪ್ರೊಟೀನ್ 3.0 ಇದ್ದರೆ ಅನುಪಾತ 1.6, ಇದು ಶಕ್ತಿಯ ಕೊರತೆಯ ಸೂಚನೆ. ಜಿಡ್ಡು 2.8 ಹಾಗೂ ಪ್ರೊಟೀನ್ 3.2 ಇದ್ದರೆ ಅನುಪಾತ 0.88, ಇದು ಮೆಲುಕು ಚೀಲದ ಆಮ್ಲೀಯತೆಯ ಸೂಚನೆ.

ಕೆಲವು ಯಂತ್ರಗಳು ಪ್ರೊಟೀನನ್ನು ನೇರವಾಗಿ ಅಳೆಯದೆ ಜಿಡ್ಡೇತರ ಘನಾಂಶದಿಂದ ಲೆಕ್ಕ ಹಾಕಿ ತೋರಿಸುತ್ತವೆ. ಆದ್ದರಿಂದ ಒಂದೇ ದಿನದ ಅಂಕಿಯನ್ನು ನೆಚ್ಚದೆ, ಸತತ ಕೆಲವು ದಿನಗಳ ಏರಿಳಿತವನ್ನು ಗಮನಿಸಬೇಕು.

ಅನುಪಾತ ಹೆಚ್ಚಾದಾಗ: ಕೀಟೋಸಿಸ್

ಕರು ಹಾಕಿದ ನಂತರ ಹಾಲಿನ ಇಳುವರಿ ಬೇಗನೆ ಏರುತ್ತದೆ. ಆದರೆ ಹಸುವು ಮೇವು ತಿನ್ನುವ ಪ್ರಮಾಣ ಅಷ್ಟೇ ವೇಗವಾಗಿ ಏರುವುದಿಲ್ಲ. ಈ ಅಂತರವನ್ನು ತುಂಬಲು ದೇಹದ ಕೊಬ್ಬು ಕರಗುತ್ತದೆ. ಅದರ ಒಂದು ಭಾಗ ಕೆಚ್ಚಲು ಸೇರಿ ಹಾಲಿನ ಜಿಡ್ಡನ್ನು ಹೆಚ್ಚಿಸುತ್ತದೆ. ಯಕೃತ್ತಿಗೆ ಸೇರಿದ ಭಾಗ ಅತಿಯಾದಾಗ ಕೀಟೋನ್ ವಸ್ತುಗಳು ಉತ್ಪತ್ತಿಯಾಗುತ್ತವೆ. ಶಕ್ತಿ ಸಾಲದೆ ಹಾಲಿನ ಪ್ರೊಟೀನ್ ಇಳಿಯುತ್ತದೆ. ಗಬ್ಬದ ಕೊನೆಯಲ್ಲಿ ಅತಿಯಾಗಿ ಕೊಬ್ಬಿದ ಹಾಗೂ ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಈ ತೊಂದರೆ ಹೆಚ್ಚು.

ಕರು ಹಾಕಿದ ಮೊದಲ ಆರು ವಾರಗಳಲ್ಲಿ ಅನುಪಾತ 1.5ನ್ನು ಮೀರಿದರೆ ಹಾಲು ಅಥವಾ ಮೂತ್ರವನ್ನು ರೋಥೆರಾ ಪರೀಕ್ಷೆಗೆ ಒಳಪಡಿಸಿ. ನೇರಳೆ ಬಣ್ಣ ಕಂಡುಬಂದರೆ ಕೀಟೋನ್ ಇದೆ ಎಂದರ್ಥ. ಹಸು ಹಿಂಡಿ ಬಿಟ್ಟು ಬರೀ ಒಣಹುಲ್ಲು ತಿನ್ನುವುದು, ಮೈ ಇಳಿಯುವುದು ಹಾಗೂ ಉಸಿರಿನಲ್ಲಿ ಸಿಹಿ ಮಿಶ್ರಿತ ವಾಸನೆ ಬರುವುದು ರೋಗ ಮುಂದುವರಿದ ಲಕ್ಷಣಗಳು. ಪಶುವೈದ್ಯರು ರಕ್ತನಾಳದ ಮೂಲಕ ಗ್ಲೂಕೋಸ್ ನೀಡಿ, ಬಾಯಿಯ ಮೂಲಕ ಪ್ರೊಪಿಲೀನ್ ಗ್ಲೈಕಾಲ್ ಸೂಚಿಸುತ್ತಾರೆ. ಬೆಲ್ಲ ಕುಡಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದು ಮೆಲುಕು ಚೀಲದಲ್ಲಿಯೇ ಹುದುಗಿಹೋಗುತ್ತದೆ.

ಅನುಪಾತ ಕಡಿಮೆಯಾದಾಗ: ಆಮ್ಲೀಯತೆ

ಅನುಪಾತ 1.0ಕ್ಕಿಂತ ಕಡಿಮೆಯಿದ್ದರೆ, ನಾರಿನ ಮೇವು ಕಡಿಮೆಯಾಗಿ ಹಿಟ್ಟು ಮತ್ತು ಧಾನ್ಯ ಹೆಚ್ಚಾಗಿದೆಯೇ ಎಂದು ಪರಿಶೀಲಿಸಿ. ನಮ್ಮಲ್ಲಿ ರಾಗಿ ಹಿಟ್ಟು, ಅನ್ನ, ಗಂಜಿ ಹಾಗೂ ಹಬ್ಬ ಮದುವೆಗಳಲ್ಲಿ ಉಳಿದ ಊಟವನ್ನು ಹಸುಗಳಿಗೆ ಹಾಕುವುದು ಇದಕ್ಕೆ ಮುಖ್ಯ ಕಾರಣ. ಇವು ಬೇಗನೆ ಹುದುಗಿ ಆಮ್ಲವಾಗುತ್ತವೆ; ಹಾಲಿನ ಜಿಡ್ಡು ತಯಾರಾಗಲು ಬೇಕಾದ ಅಸಿಟಿಕ್ ಆಮ್ಲದ ಪಾಲು ತಗ್ಗುತ್ತದೆ. ಸಗಣಿ ತೆಳುವಾಗುವುದು, ಅದರಲ್ಲಿ ಜೀರ್ಣವಾಗದ ಕಾಳು ಕಾಣುವುದು, ಮೆಲುಕು ಹಾಕುವುದು ಕಡಿಮೆಯಾಗುವುದು, ಕ್ರಮೇಣ ಗೊರಸು ನೋವಿನಿಂದ ಕುಂಟುವುದು ಇತರ ಲಕ್ಷಣಗಳು.

ರಾಗಿ ಹುಲ್ಲು, ಜೋಳದ ಸಪ್ಪೆಯಂತಹ ಒಣಮೇವನ್ನು ಮೊದಲು ನೀಡಿ, ಪಶು ಆಹಾರವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಹಂಚಿ ಕೊಡಿ. ಮೇವಿನ ಬದಲಾವಣೆಯನ್ನು ಎರಡು ವಾರಗಳಲ್ಲಿ ಹಂತಹಂತವಾಗಿ ಮಾಡಿ. ಅಡುಗೆ ಸೋಡಾದ ಪ್ರಮಾಣವನ್ನು ಪಶುವೈದ್ಯರಿಂದ ತಿಳಿದುಕೊಳ್ಳಿ. ಹೊಟ್ಟೆ ಉಬ್ಬಿ ಹಸು ಮಲಗಿಬಿಟ್ಟರೆ ತಡಮಾಡದೆ ಚಿಕಿತ್ಸೆ ಕೊಡಿಸಿ.

ಹಾಲಿನ ಯೂರಿಯಾ ಸಾರಜನಕ

ಪ್ರಯೋಗಾಲಯದಲ್ಲಿ ಈ ಪರೀಕ್ಷೆ ಮಾಡಿಸಿದಾಗ 100 ಮಿ.ಲೀ. ಹಾಲಿಗೆ ಸುಮಾರು 10ರಿಂದ 16 ಮಿ.ಗ್ರಾಂ. ಸಾಮಾನ್ಯ ಮಟ್ಟ. ಇದಕ್ಕಿಂತ ಹೆಚ್ಚಿದ್ದರೆ ಹಿಂಡಿ ಹಾಗೂ ದ್ವಿದಳ ಮೇವಿನ ಪ್ರೊಟೀನ್ ಅಗತ್ಯ ಮೀರಿದೆ ಅಥವಾ ಶಕ್ತಿಯ ಆಹಾರ ಸಾಲದಾಗಿದೆ. ಹಣ ವ್ಯರ್ಥವಾಗುವುದಲ್ಲದೆ ಗರ್ಭ ನಿಲ್ಲುವುದೂ ಕಷ್ಟವಾಗಬಹುದು. ಕಡಿಮೆಯಿದ್ದರೆ ಆಹಾರದಲ್ಲಿ ಪ್ರೊಟೀನ್ ಕೊರತೆಯಿದೆ ಎಂದು ತಿಳಿಯಬೇಕು.

ಎಚ್ಚರಿಕೆ

ಕೆಚ್ಚಲು ಬಾವಿನಲ್ಲಿಯೂ ಲ್ಯಾಕ್ಟೋಸ್ ಮತ್ತು ಜಿಡ್ಡೇತರ ಘನಾಂಶ ಇಳಿಯುತ್ತವೆ. ಆದ್ದರಿಂದ ಮೊದಲು ಕೆಚ್ಚಲನ್ನು ಪರೀಕ್ಷಿಸಿ. ಕರು ಹಾಕಿದಾಗ ಬರುವ ಹಾಲು ಜ್ವರ ಈ ಅಂಕಿಗಳಿಂದ ತಿಳಿಯುವುದಿಲ್ಲ. ಈ ಅನುಪಾತಗಳು ಎಮ್ಮೆಗಳಿಗೆ ಅನ್ವಯಿಸುವುದಿಲ್ಲ. ಹಾಲಿನ ಅಂಕಿಗಳು ಸಂಶಯವನ್ನು ಮಾತ್ರ ಮೂಡಿಸುತ್ತವೆ. ರೋಗ ನಿರ್ಣಯವನ್ನು ಪಶುವೈದ್ಯರೇ ಮಾಡಬೇಕು.

ಪ್ರತಿ ಹಸುವಿಗೂ ಒಂದು ಪುಟವಿರಿಸಿ, ಕರು ಹಾಕಿದ ದಿನಾಂಕ, ಹಾಲಿನ ಪ್ರಮಾಣ, ಜಿಡ್ಡು ಹಾಗೂ ಪ್ರೊಟೀನ್ ಅಂಕಿಗಳನ್ನು ವಾರಕ್ಕೊಮ್ಮೆ ಬರೆದಿಡಿ. ವೈದ್ಯರು ಬಂದಾಗ ಆ ಪುಟವನ್ನು ತೋರಿಸಿದರೆ ಚಿಕಿತ್ಸೆಯ ದಾರಿ ಸುಲಭವಾಗುತ್ತದೆ.